ದಕ್ಷಿಣಕ್ಕೆ ಬಾಗಿಲಿರುವ ಊರು

ನಾನು ಒಮ್ಮೆಯೂ ಕಾಲಿಡದ ಒಂದು ಜರ್ಮನ್ ಹಳ್ಳಿಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟರೂ ಬೇಕರಿಗೆ ಹೋಗಿ ಬ್ರೆಡ್ಡು ತರಬಲ್ಲೆ. ಎಷ್ಟೋ ವರ್ಷ ಬಾಳಿದ ಮಿಶಿಗನ್ನಿನ ಕ್ಯಾಂಟನ್ ಊರಿನ ನಮ್ಮ ಸಬ್‌ಡಿವಿಷನ್ ಬಡಾವಣೆಯಲ್ಲಿ ಮಾತ್ರ, ಮನೆಗಳೆಲ್ಲ ಒಂದೇ ಅಚ್ಚಿನವಾದ್ದರಿಂದ, ಪಕ್ಕದವರ ಗರಾಜಿನ ಮುಂದೆ ಕಾರು ನಿಲ್ಲಿಸಿ, ಬಾಗಿಲು ತೆರೆಯುತ್ತಿಲ್ಲವೆಂದು ರಿಮೋಟನ್ನು ಬೈದದ್ದುಂಟು.

ಆ ಹಳ್ಳಿಯ ಹೆಸರು ಹೇಳುವುದಿಲ್ಲ. ನನ್ನ ನಾಲಿಗೆಗೆ ಅದು ಕೊನೆಗೂ ಒಗ್ಗಲಿಲ್ಲ. ನಾನು ಕೆಲಸ ಮಾಡುತ್ತಿದ್ದ ಕಾರಿನ ಬಿಡಿಭಾಗಗಳ ಕಂಪನಿಗೆ ಅದು ತವರು. ಡೆಟ್ರಾಯಿಟ್ ಸುತ್ತಲಿನ ಕಾರ್ಖಾನೆಗಳು ಒಂದೊಂದಾಗಿ ದೀಪ ಆರಿಸುತ್ತಿದ್ದ ರಿಸೆಷನ್ನಿನ ಕಾಲ. ನಮ್ಮ ಟೆಸ್ಟಿಂಗ್ ವಿಭಾಗವನ್ನು ಇಲ್ಲಿಂದ ಆ ಹಳ್ಳಿಗೆ ಸಾಗಿಸುತ್ತೇವೆ, ಜೊತೆಗೆ ಕೆಲವರನ್ನು ಕರೆಸಿಕೊಳ್ಳಲೂಬಹುದು ಎಂದು ಅಲ್ಲಿಯ ಮ್ಯಾನೇಜರ್ ಕ್ಲಾಸ್ ಎಂಬಾತ ಫೋನಿನಲ್ಲಿ ಹೇಳಿದ. ನನ್ನದು ವರ್ಕ್ ವೀಸಾ. ಕೆಲಸ ಹೋದರೆ ಈ ದೇಶದಲ್ಲಿ ನಿಲ್ಲುವ ಹಕ್ಕೂ ಹೋಗುತ್ತದೆ. ಹಾಗಾಗಿ ನಾನೂ ನನ್ನ ಹೆಂಡತಿ ವನಜಾಳೂ ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿಬಿಟ್ಟೆವು.

ರಾತ್ರಿ ಊಟವಾದ ಮೇಲೆ ಕಂಪ್ಯೂಟರಿನಲ್ಲಿ ಉಪಗ್ರಹದ ಚಿತ್ರವನ್ನೂ ಬೀದಿಯ ಫೋಟೋಗಳನ್ನೂ ತೆರೆದು ಆ ಊರಿನಲ್ಲಿ ಓಡಾಡುವುದು ನಮ್ಮ ಮನೆಯ ಪದ್ಧತಿಯಾಯಿತು. ಉತ್ತರದ ದಿಬ್ಬದ ಮೇಲೆ ಚರ್ಚು. ಅಲ್ಲಿಂದ ಹಳ್ಳದ ಗುಂಟ ದಕ್ಷಿಣಕ್ಕಿಳಿಯುವ ಒಂದೇ ಬೀದಿ. ನಡುವೆ ಬಾವಿ, ಅದರ ಪಕ್ಕ ಬೇಕರಿ. ಬೀದಿಯ ತುದಿಗೆ ಹಳೆಯ ಹಿಟ್ಟಿನ ಗಿರಣಿ, ಅದರಾಚೆ ನಮ್ಮ ಕಂಪನಿ.

"ಅಪ್ಪಾ, ಇಟ್ಸ್ ಜಸ್ಟ್ ಒನ್ ಸ್ಟ್ರೀಟ್!" ಎಂದು ಮಗಳು ಮೂಗು ಮುರಿದಳು. ನಾನು ಬಿಡಲಿಲ್ಲ, ಇತಿಹಾಸ ಶುರುಮಾಡಿದೆ. ಹದಿನೇಳನೇ ಶತಮಾನದ ಮೂವತ್ತು ವರ್ಷದ ಯುದ್ಧದಲ್ಲಿ ಸೈನಿಕರು ಊರನ್ನು ಸುಟ್ಟರು. ಉಳಿದವರು ಕಾಡಿನಿಂದ ಮರಳಿ ಅದೇ ಪಾಯದ ಮೇಲೆ ಅದೇ ಥರದ ಮನೆ ಕಟ್ಟಿಕೊಂಡರು. ಮುಂದೆ ಬೆಳೆ ಕೈಕೊಟ್ಟಾಗ ಕೆಲವು ಮನೆಯವರು ಹಡಗು ಹತ್ತಿ ಇದೇ ಮಿಶಿಗನ್ನಿಗೆ ಬಂದರು. ಅವರು ಹೊಟ್ಟೆಪಾಡಿಗೆ ಬಿಟ್ಟುಬಂದ ಊರಿಗೆ ನಾವು ಹೊಟ್ಟೆಪಾಡಿಗೆ ಹೋಗಲು ಹಾತೊರೆಯುತ್ತಿದ್ದೆವು.

ತೊಡಕು ಕಂಡುಹಿಡಿದವಳು ವನಜಾ. "ರೀ, ಇಲ್ಲಿ ನೋಡಿ. ಒಂದು ಮನೇನೂ ಬೀದಿಗೆ ಬಾಗಿಲು ಇಟ್ಟಿಲ್ಲ. ಎಲ್ಲಾ ಪಕ್ಕದ ಅಂಗಳಕ್ಕೇ. ಅದೂ ದಕ್ಷಿಣಕ್ಕೆ!" ಚಳಿಯ ದೇಶ, ಬಿಸಿಲು ಬರುವ ಕಡೆ ಬಾಗಿಲು ಇಟ್ಟುಕೊಂಡಿದ್ದಾರೆ ಎಂದೆ. ಮೈಸೂರಿನಿಂದ ನಮ್ಮತ್ತೆ ಫೋನಿನಲ್ಲೇ ತೀರ್ಪು ಕೊಟ್ಟರು: "ಯಮನ ದಿಕ್ಕು ಕಣೇ! ಬಾಡಿಗೆ ಮನೆ ಆದ್ರೂ ಬೇಡ."

ನಗಬೇಡಿ. ಕ್ಯಾಂಟನ್ನಿನ ಈ ಮನೆಯನ್ನು ನಾವು ಕೊಂಡದ್ದೇ ಬಾಗಿಲು ಪೂರ್ವಕ್ಕಿದೆ ಎಂದು. ಬೀದಿಯಾಚೆಯ, ಪಶ್ಚಿಮಕ್ಕೆ ಬಾಗಿಲಿದ್ದ ಮನೆ ಇದಕ್ಕಿಂತ ದೊಡ್ಡದು, ಅಗ್ಗದ್ದು. ಅದರ ಕಡೆ ತಿರುಗಿಯೂ ನೋಡಲಿಲ್ಲ. ಹೀಗಾಗಿ ಆ ಹಳ್ಳಿಯಲ್ಲೂ ಪೂರ್ವದ ಬಾಗಿಲು ಹುಡುಕಿದೆವು. ಚರ್ಚಿನ ಹಿಂದೆ ಒಂದೇ ಒಂದು ಸಿಕ್ಕಿತು. ಕ್ಲಾಸ್‌ನನ್ನು ವಿಚಾರಿಸಿದೆ. ಅದು ಹಿಂದೆ ಊರ ಕುರಿ ಕಾಯುವವನ ಮನೆಯಂತೆ, ಆಮೇಲೆ ಗತಿಯಿಲ್ಲದವರನ್ನು ಅಲ್ಲಿ ಇಡುತ್ತಿದ್ದರಂತೆ. ಅಂಗಳಕ್ಕೆ ಜಾಗವಿಲ್ಲದ್ದರಿಂದ ಬಾಗಿಲು ಬೀದಿಗೆ ಬಂದಿತ್ತು. ಈಗ ಖಾಲಿ ಇದೆ ಎಂದ. ವನಜಾ ಆ ರಾತ್ರಿಯೇ ಅದರಲ್ಲಿ ದೇವರಮನೆಗೆ ಮೂಲೆ ಗೊತ್ತುಮಾಡಿದಳು.

ತಿಂಗಳೊಪ್ಪತ್ತಿನಲ್ಲಿ ನಿರ್ಧಾರ ಬಂತು. ಯಂತ್ರಗಳು ಮಾತ್ರ ಹೋಗುತ್ತವೆ, ಜನ ಬೇಡ. ನನ್ನ ಕೈಯಲ್ಲಿ ಪಳಗಿದ ಟೆಸ್ಟಿಂಗ್ ಯಂತ್ರವನ್ನು ನಾನೇ ನಿಂತು ಪ್ಯಾಕ್ ಮಾಡಿಸಬೇಕಾಯಿತು. ಪ್ರತಿ ಆಯುಧಪೂಜೆಗೂ ಅದರ ನೆತ್ತಿಗೆ ಕುಂಕುಮ ಇಟ್ಟು ಸಹೋದ್ಯೋಗಿಗಳ ನಗೆಗೀಡಾದವನು ನಾನು. ಅದಕ್ಕೆ ವೀಸಾ ಬೇಕಿರಲಿಲ್ಲ. ಹೊಟ್ಟೆ ಉರಿಯಿತು. ಕಬ್ಬಿಣದ ಮೇಲೆ ಹೊಟ್ಟೆಕಿಚ್ಚುಪಡುವ ಸ್ಥಿತಿ ಶತ್ರುವಿಗೂ ಬೇಡ.

ಅದು ಊರು ತಲುಪಿದ ದಿನ ಕ್ಲಾಸ್ ಫೋನ್ ಮಾಡಿದ. ಯಂತ್ರದ ತಲೆಯ ಮೇಲೆ ಏನೋ ಕೆಂಪು ಕಲೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ, ತೊಂದರೆ ಇದೆಯೇ ಎಂದು ಕೇಳಿದ. ತೊಂದರೆಯಿಲ್ಲ, ಇರಲಿ ಬಿಡು ಎಂದೆ. ಯಾವ ಕಡೆಗೆ ಮುಖ ಮಾಡಿ ಇಟ್ಟಿದ್ದೀರಿ ಎಂದು ಕೇಳದೆ ಇರಲಾಗಲಿಲ್ಲ.

"ದಕ್ಷಿಣಕ್ಕೆ," ಎಂದ. "ಬೆಳಕು ಚೆನ್ನಾಗಿದೆ. ಚೆನ್ನಾಗಿಯೇ ಓಡುತ್ತಿದೆ."

ಸುಟ್ಟರೂ ಮತ್ತೆ ಎದ್ದು ನಿಂತ ಊರು ಅದು, ದಕ್ಷಿಣದ ಬಾಗಿಲಿಟ್ಟುಕೊಂಡೇ. ನಮ್ಮ ಮನೆಯ ಮುಂದೆ ಮಾರಾಟದ ಬೋರ್ಡು ನೆಟ್ಟು ವಾರಗಳಾದರೂ ಯಾವ ದಿಕ್ಕು ಎಂದು ಕೇಳಲು ಒಂದು ನರಪಿಳ್ಳೆಯೂ ಬರಲಿಲ್ಲ. ಕೆಲಸವೂ ವೀಸಾವೂ ಮುಗಿದು, ನಮ್ಮ ದೇಶಕ್ಕೆ ಮರಳಲು ಏರ್‌ಪೋರ್ಟಿಗೆ ಹೊರಟ ಬೆಳಿಗ್ಗೆ ವನಜಾ ಹೊಸ್ತಿಲಿಗೆ ನಮಸ್ಕಾರ ಮಾಡಿ ಬಾಗಿಲಿಗೆ ಬೀಗ ಹಾಕಿದಳು. ಸೂರ್ಯನ ಮೊದಲ ಬಿಸಿಲು ನೇರವಾಗಿ ಬೀಗದ ಮೇಲೆ ಬಿತ್ತು. ಅಷ್ಟರಮಟ್ಟಿಗೆ ವಾಸ್ತು ಸರಿಯಾಗಿಯೇ ಇತ್ತು.