ವಾಚನಾಲಯದ ಹೊರಗಿನ ಹಲಗೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಆಂಧ್ರದ ಗಡಿಗಂಟಿದ ಪಾವಗಡದ ಒಂದು ವಾಚನಾಲಯ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಊರಿನ ಕೆಲವು ಹಿರಿಯರು ಸಮಿತಿ ಮಾಡಿಕೊಂಡು ನಡೆಸುತ್ತಿದ್ದ ವಾಚನಾಲಯ ಅದು. ಒಂದೇ ಕೋಣೆ, ಎರಡು ಉದ್ದ ಮೇಜು, ಹಿಂದುಗಡೆ ನನಗೆ ಮಲಗಲು ಗೂಡಿನಂಥ ಜಾಗ. ನನಗಿನ್ನೂ ಮದುವೆಯಾಗಿರಲಿಲ್ಲ, ಊರಲ್ಲಿ ಗುರುತಿನವರೂ ಇರಲಿಲ್ಲ. ಜನ ನನ್ನ ಜೊತೆ ಕನ್ನಡದಲ್ಲಿ ಎರಡು ಮಾತಾಡಿ, ತಮ್ಮತಮ್ಮಲ್ಲಿ ತೆಲುಗಿಗೆ ಹೊರಳಿಬಿಡುತ್ತಿದ್ದರು. ಹೋಟೆಲಿನಲ್ಲಿ ಪಕ್ಕದ ಮೇಜಿನವರು ಗೊಳ್ಳೆಂದು ನಕ್ಕರೆ, ಯಾಕೆ ನಕ್ಕರೆಂದು ನನಗೆ ತಿಳಿಯುತ್ತಿರಲಿಲ್ಲ. ಭಾನುವಾರ ಮಧುಗಿರಿಯಲ್ಲಿ ಬಸ್ಸು ಬದಲಾಯಿಸಿ ನಮ್ಮೂರಿಗೆ ಹೋಗಬಹುದಿತ್ತು. ಹೋದರೆ ಅಲ್ಲಿ ಅಣ್ಣನ ಸಂಸಾರ, ನನಗೆ ಪಡಸಾಲೆಯ ಮೂಲೆ. ಹಾಗಾಗಿ ಹೋಗುತ್ತಿರಲಿಲ್ಲ.

ವಾಚನಾಲಯದ ಹೊರಗೋಡೆಗೆ ಒಂದು ಕರಿಹಲಗೆ ಇತ್ತು. ಬೆಳಿಗ್ಗೆ ರೇಡಿಯೋ ವಾರ್ತೆ ಕೇಳಿ ಮುಖ್ಯವಾದ ಸುದ್ದಿಯನ್ನು ಅದರ ಮೇಲೆ ಬರೆಯುವುದು ನನ್ನ ಕೆಲಸ. ಒಂದು ದಿನ ಬೆಂಗಳೂರಿನಲ್ಲಿ ಭಾರಿ ಮಳೆ ಎಂದು ಬರೆದಿದ್ದೆ. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ, ಅದರ ಕೆಳಗೆ ಯಾರೋ, ‘ನಮ್ಮೂರಿಗೆ ಯಾವಾಗ?’ ಎಂದು ಬರೆದಿದ್ದರು. ನಾನು ಅಲ್ಲೇ ನಿಂತುಬಿಟ್ಟೆ. ಈ ಊರಲ್ಲಿ ಒಬ್ಬರು ತಾವಾಗಿಯೇ ನನ್ನನ್ನು ಮಾತಾಡಿಸಿದ್ದು ಅದೇ ಮೊದಲು ಅನ್ನಿಸಿತು. ‘ರೇಡಿಯೋದವರು ಇನ್ನೂ ಹೇಳಿಲ್ಲ’ ಎಂದು ಕೆಳಗೆ ಬರೆದು, ಚಾಕ್‌ಪೀಸನ್ನು ಹಲಗೆಯ ಅಂಚಿನ ಮೇಲೆ ಇಟ್ಟು ಒಳಗೆ ಬಂದೆ.

ಆಮೇಲೆ ಹಲಗೆ ತುಂಬತೊಡಗಿತು. ಕಳೆದುಹೋದ ಮೇಕೆ, ರಜೆ ಹಾಕಿದ ಡಾಕ್ಟರು, ಟೆಂಟಿನಲ್ಲಿ ಬದಲಾದ ಸಿನಿಮಾ, ಯಾವ ಅಂಗಡಿಯ ಕಡಲೆಕಾಯಿ ಬೀಜ ಮೊಳೆಯಲಿಲ್ಲ ಅನ್ನುವುದು, ಎಲ್ಲವೂ ಅಲ್ಲಿಗೆ ಬಂತು. ಸಂಜೆ ಜನ ನಿಂತು ಗಟ್ಟಿಯಾಗಿ ಓದುತ್ತಿದ್ದರು. ನಾನು ಕಿಟಕಿಯ ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಹೊರಗೆ ಹೋಗಿ ನಿಂತರೆ ಅವರ ಮಾತು ನಿಂತುಹೋಗುತ್ತಿತ್ತು.

ಜಗಳವೂ ಬಂತು. ಬೀದಿ ನಲ್ಲಿಯ ವಿಚಾರಕ್ಕೆ ಇಬ್ಬರು ಹಲಗೆಯ ಮೇಲೇ ಅಮ್ಮ, ಅಕ್ಕ ಅಂತ ಬೈದಾಡಿಕೊಂಡರು. ನಾನು ಬೈಗುಳ ಮಾತ್ರ ಒರೆಸಿ ನಲ್ಲಿಯ ವಿಚಾರ ಉಳಿಸಿದೆ. ಅವರಲ್ಲೊಬ್ಬ ಒಳಗೆ ನುಗ್ಗಿದ.

“ಯಾಕ್ ಸಾರ್ ನಂದು ಅಳಿಸಿಬುಟ್ರಿ? ಅವನ್ದು ಹಂಗೇ ಐತಲ್ಲ!”

“ಅವರ ಬೈಗುಳಾನೂ ಅಳಿಸಿದೀನಿ, ನೋಡಿ.”

“ಅವನು ಬೈದಿದ್ದು ಎಲ್ಲರೂ ಓದ್ಕೊಂಡು ಹೋದ್ಮೇಲೆ ಅಳಿಸಿದ್ರಿ. ನಂದು ಬರೆದ ತಕ್ಷಣ ಅಳಿಸಿದ್ರಿ.”

ಅವನು ಹೇಳಿದ್ದು ನಿಜವಾಗಿತ್ತು. ಸಮಿತಿಯ ಅಧ್ಯಕ್ಷರು ಸುದ್ದಿಯೊಂದನ್ನು ಬಿಟ್ಟು ಬೇರೇನೂ ಇರಕೂಡದು ಅಂದರು. ಎದುರಿನ ಹೋಟೆಲಿನವರು, “ಬಿಡಿ ಸಾರ್, ಜನ ಏನೋ ಬರ್ಕೊಂತಾರೆ, ನಿಮಗ್ಯಾಕೆ?” ಅಂದರು. ನಾನು ಇಬ್ಬರಿಗೂ ತಲೆಯಾಡಿಸಿ ಬಟ್ಟೆಯ ಉಂಡೆ ಹಿಡಿದು ದಿನಕ್ಕೆ ನಾಲ್ಕಾರು ಸಲ ಹೊರಗೆ ಹೋಗಿ ನೋಡಿ ಬರುತ್ತಿದ್ದೆ.

ಹೀಗಿರುವಾಗ ಒಂದು ಸಂಜೆ ಹಲಗೆಯ ಮುಂದೆ ಎಂದಿಗಿಂತ ಹೆಚ್ಚು ಜನ ನಗುತ್ತಿದ್ದರು. ಹೋಗಿ ನೋಡಿದರೆ ತೆಲುಗು ಲಿಪಿಯಲ್ಲಿ ಒಂದು ಸಾಲು. ನನಗೆ ಓದಲು ಬರದು. ಹೋಟೆಲಿನವರನ್ನು ಕರೆದು ಏನೆಂದು ಕೇಳಿದೆ. ಅವರು ಮುಖ ಆಚೆ ತಿರುಗಿಸಿ, “ಏಂ ಲೇದು ಸಾರ್, ಊರ್ಕೇ ರಾಸಿನಾರು” ಅಂದರು. ಏನಿಲ್ಲ, ಸುಮ್ಮನೆ ಬರೆದಿದ್ದಾರೆ ಎಂದರ್ಥ. ಸುಮ್ಮನೆ ಬರೆದದ್ದಕ್ಕೆ ಜನ ಹಾಗೆ ನಗುವುದಿಲ್ಲ. ಅರ್ಥ ತಿಳಿಯದೆಯೇ ಆ ಸಾಲನ್ನು ಒರೆಸಿಬಿಟ್ಟೆ.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ನರ್ಸಮ್ಮ ಬಂದರು. ಹೆರಿಗೆ ಮಾಡಿಸುತ್ತಿದ್ದವರು, ಕೊರಟಗೆರೆ ಕಡೆಯವರು, ಒಬ್ಬರೇ ಮನೆ ಮಾಡಿಕೊಂಡಿದ್ದರು. ಅದುವರೆಗೆ ನಾವು ಮಾತಾಡಿದವರಲ್ಲ.

“ನಿನ್ನೆ ಅಳಿಸಿದ್ದು ನೀವೇನಾ?”

“ಹೌದು.”

“ಏನ್ ಬರೆದಿದ್ರು ಅಂತ ಗೊತ್ತಾ?”

“ಇಲ್ಲ. ನಂಗೆ ತೆಲುಗು ಬರಲ್ಲ.”

“ರಾತ್ರಿ ಹೊತ್ತು ನಮ್ಮನೆಗೆ ಗಂಡಸರು ಬತ್ತಾರೆ ಅಂತ ಬರೆದಿದ್ರಂತೆ,” ಎಂದರು. “ನೀವು ಅಳಿಸಿಬುಟ್ರಿ. ಒಳ್ಳೇದ್ಕೇ ಅಳಿಸಿದ್ರಿ. ಆದ್ರೆ ಈಗ ಒಬ್ಬೊಬ್ಬರು ಒಂದೊಂದು ಸೇರಿಸ್ಕೊಂಡು ಹೇಳ್ತಾವ್ರೆ. ಇದ್ದಿದ್ರೆ ಅದರ ಕೆಳಗೇ ನಾನೂ ಬರೀತಿದ್ದೆ. ಎಲ್ಲಿ, ಚಾಕ್‌ಪೀಸ್ ಕೊಡಿ.”

ಕೊಟ್ಟೆ. ಬಸ್ಸಿಗೆ ಹೊರಟವರು, ಹೋಟೆಲಿನವರು, ಎಲ್ಲರೂ ನೋಡುತ್ತಿದ್ದಂತೆ ಅವರು ದೊಡ್ಡ ಅಕ್ಷರದಲ್ಲಿ ಬರೆದರು: ‘ರಾತ್ರಿ ನನ್ನ ಮನೆಗೆ ಗಂಡಸರು ಬರುವುದು ನಿಜ. ಹೆಂಡತಿಗೆ ನೋವು ಬಂದಿದೆ ಎಂದು ಕರೆಯಲು ಬರುತ್ತಾರೆ. ನಿನ್ನೆ ಅದನ್ನು ಬರೆದವರ ಮನೆಗೂ ನಾನು ಹೋಗಿರಬಹುದು.’ ಕೆಳಗೆ ತಮ್ಮ ಹೆಸರು ಹಾಕಿದರು. ಕೈಯ ಚಾಕ್‌ಪೀಸ್ ಪುಡಿ ಕೊಡವಿಕೊಂಡು ಡ್ಯೂಟಿಗೆ ಹೋದರು. ಆ ದಿನ ಯಾರೂ ನಗಲಿಲ್ಲ. ಹೋಟೆಲಿನವರು ಅದನ್ನು ಎರಡು ಸಲ ಓದಿ ಒಳಗೆ ಹೋದರು.

ಅಧ್ಯಕ್ಷರು ಸಭೆ ಕರೆದರು. ಅಂಥ ಸಭೆಗಳಲ್ಲಿ ನಾನು ಬಾಯಿ ಬಿಡುತ್ತಿರಲಿಲ್ಲ. ಆ ದಿನ ಹೇಳಿದೆ: ಬರೆಯುವವರು ಹೆಸರು ಹಾಕಲಿ, ಹೊಲಸು ಬರೆದರೆ ಅಳಿಸೋಣ, ಆದರೆ ಯಾರ ಮೇಲೆ ಬರೆದಿದ್ದಾರೋ ಅವರನ್ನು ಕರೆಸಿ ಕೇಳಿದ ಮೇಲೆ ಅಳಿಸೋಣ.

“ಚೆನ್ನಾಗೈತೆ ಕಣಪ್ಪ,” ಅಂದರು ಅಧ್ಯಕ್ಷರು, “ಆದ್ರೆ ಇಡೀ ದಿನ ಅದರ ಮುಂದೆ ಕಾವಲು ಕೂರೋರು ಯಾರು? ನೀನು ಪುಸ್ತಕ ಕೊಡ್ತೀಯೋ, ಇದನ್ನ ಕಾಯ್ತೀಯೋ?”

ಹಲಗೆಗೆ ತಂತಿಬಲೆಯ ಬಾಗಿಲು ಮಾಡಿಸಿ ಬೀಗ ಹಾಕಿಸಿದರು. ನಾನು ಬೆಳಿಗ್ಗೆ ಬೀಗ ತೆಗೆದು ಸುದ್ದಿ ಬರೆದು ಮತ್ತೆ ಬೀಗ ಹಾಕುತ್ತಿದ್ದೆ. ಜನ ಬಂದು ಮನಸ್ಸಿನಲ್ಲೇ ಓದಿಕೊಂಡು ಹೋಗುತ್ತಿದ್ದರು. ಸಂಜೆ ಕಿಟಕಿಯ ಬಳಿ ಕೂತರೆ ಬಸ್ಸಿನ ಹಾರ್ನ್ ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಹೊಲಸು ಬರೆಯುವವರು ಇದ್ದಿಲು ಹಿಡಿದು ಬಸ್‌ಸ್ಟ್ಯಾಂಡಿನ ಗೋಡೆಗೆ ಹೋದರು. ಅಲ್ಲಿ ಅಳಿಸುವವರೇ ಇರಲಿಲ್ಲ.

ನರ್ಸಮ್ಮ ಆಗಾಗ ವಾರಪತ್ರಿಕೆ ಓದಲು ಬರತೊಡಗಿದರು. ಬಾಗಿಲ ಹತ್ತಿರದ ಕುರ್ಚಿಯಲ್ಲಿ, ಬೀದಿಗೆ ಕಾಣುವಂತೆ ಕೂರುತ್ತಿದ್ದರು. ಕೊರಟಗೆರೆಯ ಮಾತು, ತಾಯಿಯ ಮಂಡಿನೋವು, ಇಲ್ಲಿನ ನೀರಿನ ರುಚಿ, ಹೀಗೆ ಏನಾದರೂ ಮಾತಾಡುತ್ತಿದ್ದರು. ಅವರು ಬರುವ ದಿನಗಳನ್ನು ನಾನು ಕಾಯುತ್ತಿದ್ದೆ. ಒಮ್ಮೆ, “ಭಾನುವಾರ ಊರಲ್ಲಿದ್ರೆ ಊಟಕ್ಕೆ ಬನ್ನಿ, ಮುದ್ದೆ ಸೊಪ್ಪಿನ ಸಾರು ಮಾಡ್ತೀನಿ” ಎಂದರು. ಆಗಲಿ ಅಂದೆ. ಭಾನುವಾರ ಒಗೆದ ಅಂಗಿ ಹಾಕಿಕೊಂಡು ಅವರ ಬೀದಿಯ ತಿರುವಿನವರೆಗೆ ಹೋದೆ. ಜಗಲಿಗಳ ಮೇಲೆ ಜನ ಕೂತಿದ್ದರು. ನಾನು ಆ ಬಾಗಿಲು ತಟ್ಟಿದರೆ, ಅಳಿಸಿಹೋದ ಆ ಸಾಲನ್ನು ನಾನೇ ಮತ್ತೆ ಬರೆದಂತಾಗುತ್ತದೆ ಅನ್ನಿಸಿತು. ವಾಪಸ್ ಬಂದುಬಿಟ್ಟೆ. ಮೈ ಸರಿಯಿರಲಿಲ್ಲ ಎಂದು ಆಮೇಲೆ ಹೇಳಿದೆ. ಅವರು ಮತ್ತೆ ಕರೆಯಲಿಲ್ಲ.

ಎಂಬತ್ತರ ದಶಕ ಶುರುವಾದ ಹೊಸದರಲ್ಲಿ ಅವರಿಗೆ ಶಿರಾಕ್ಕೆ ವರ್ಗವಾಯಿತು. ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಲು ನಾನೂ ಹೋಗಿದ್ದೆ. ಕಿಟಕಿಯಿಂದ, “ಅವತ್ತು ತಿರುವಿನ ತನಕ ಬಂದಿದ್ರಂತೆ,” ಅಂದರು. “ಪಕ್ಕದ ಮನೆಯವರು ಹೇಳಿದ್ರು.”

“ಜನ ಏನಂತಾರೋ ಅಂತ...”

“ಅನ್ನೋರು ಹೆಂಗೂ ಅಂದ್ರು, ಬುಡಿ,” ಎಂದು ನಕ್ಕರು.

ಬಸ್ಸು ಹೊರಟಿತು. ಕೈ ಎತ್ತಲೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ಅದು ತಿರುವು ದಾಟಿತು. ವಾಚನಾಲಯದ ಬಾಗಿಲು ತೆರೆಯಲು ಇನ್ನೂ ಹೊತ್ತಿತ್ತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಕುರಿ ಮಾರಿ ಬಂದ ಇಬ್ಬರು ತೆಲುಗಿನಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದರು. ಅಷ್ಟು ಹೊತ್ತಿಗೆ ನನಗೂ ಆ ಮಾತು ಒಂದಿಷ್ಟು ಅರ್ಥವಾಗುತ್ತಿತ್ತು. ಅವರ ನಗು ನನ್ನ ಬಗ್ಗೆ ಆಗಿರಲಿಲ್ಲ.