ಹಳದಿ ಡಬ್ಬ ಮತ್ತು ಅಪ್ಪನ ಆಣೆ

ಹಳೆಯ ವಿಡಿಯೋ ಗೇಮ್ ಡಬ್ಬಗಳನ್ನು ಬೆಳ್ಳಗೆ ಮಾಡುವುದು ನನ್ನ ಭಾನುವಾರದ ಹುಚ್ಚು. ಹಳದಿಗಟ್ಟಿದ ಪ್ಲಾಸ್ಟಿಕ್ ಕವಚವನ್ನು ಬಿಚ್ಚಿ ತೊಳೆಯುತ್ತೇನೆ. ಬ್ಯೂಟಿ ಪಾರ್ಲರಿನವರು ಕೂದಲಿನ ಬಣ್ಣ ತೆಗೆಯಲು ಬಳಸುವ ಕ್ರೀಮನ್ನು ಅದಕ್ಕೆ ಬಳಿದು, ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಶಕ್ತಿನಗರದ ನಮ್ಮ ಮನೆಯ ತಾರಸಿಯ ಬಿಸಿಲಿಗಿಡುತ್ತೇನೆ. ಆಗಾಗ ಹೋಗಿ ತಿರುಗಿಸದಿದ್ದರೆ ಚಿಬ್ಬು ಹತ್ತಿದ ಹಾಗೆ ಕಲೆ ನಿಲ್ಲುತ್ತದೆ. ಬೆಳ್ಳಗಾದ ಕವಚದೊಳಗೆ ಅಂಗೈಯಗಲದ ಕಂಪ್ಯೂಟರ್ ಬೋರ್ಡ್ ಕೂರಿಸಿದರೆ ನಮ್ಮ ಬಾಲ್ಯದ ಆಟಗಳೆಲ್ಲ ಈಗಿನ ಟಿವಿಯಲ್ಲಿ ಓಡುತ್ತವೆ. ಕ್ರೀಮು ಕೊಳ್ಳಲು ಹೋದಾಗಲೆಲ್ಲ ಅಂಗಡಿಯಾಕೆ ನನ್ನ ಬೋಳುತಲೆಯನ್ನೊಮ್ಮೆ ನೋಡಿ ನಗು ತಡೆದುಕೊಳ್ಳುತ್ತಾಳೆ. ನನಗೆ ಪ್ರತಿ ಸಲವೂ ಸಿಟ್ಟು ಬರುತ್ತದೆ.

ಕಳೆದ ಜನವರಿಯಲ್ಲಿ ಸುರತ್ಕಲ್‌ನಿಂದ ತಂಗಿ ಫೋನ್ ಮಾಡಿದಳು. "ಊರವರದ್ದೆಲ್ಲ ಮಾಡಿ ಕೊಡ್ತೀ. ನಮ್ಮದೇ ಒಂದು ಅಟ್ಟದಲ್ಲಿ ಉಂಟಲ್ಲ ಅಣ್ಣ, ಅದನ್ನು ನನಗೆ ಮಾಡಿ ಕೊಡು."

ನಾನು ಹೂಂ ಅಂದೆ. ಆದರೆ ಮನಸ್ಸು ಹಿಂಜರಿಯಿತು. ನಮ್ಮ ಮನೆಯಲ್ಲಿ ಆ ಡಬ್ಬದ ಸುದ್ದಿಯನ್ನು ಯಾರೂ ಎತ್ತುತ್ತಿರಲಿಲ್ಲ.

ಅಪ್ಪ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಎಡೆಬಿಡದೆ ಬೀಡಿ ಸೇದುತ್ತಿದ್ದರು. ಅಮ್ಮ ಮನೆಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಊರಿಗೆಲ್ಲ ಬೀಡಿ ಕಟ್ಟಿಕೊಡುವವಳಿಗೆ ಗಂಡನ ಬಾಯಲ್ಲಿ ಅದು ಕಂಡರೆ ಮಾತ್ರ ಮೈ ಉರಿಯುತ್ತಿತ್ತು. ಅವಳ ಕಾಟ ತಾಳಲಾರದೆ ಒಂದು ವರ್ಷ, ಪಡೀಲ್ ಕಡೆಯ ನಮ್ಮ ಕುಟುಂಬದ ಮನೆಯಲ್ಲಿ ದೈವಕ್ಕೆ ವರ್ಷದ ಪೂಜೆಯಾದ ತಂಬಿಲ ಕೊಡುವ ದಿನ, ಅಪ್ಪ ಎಲ್ಲರೆದುರು ಆಣೆ ಹಾಕಿದರು. "ಇನ್ನು ಬೀಡಿ ಮುಟ್ಟಿದ್ರೆ ನನ್ನ ಮಕ್ಕಳ ಮೇಲೆ ಬರಲಿ."

ಅದರ ಮರುವರ್ಷ ಸೋದರಮಾವ ಗಲ್ಫ್‌ನಿಂದ ಆ ಗೇಮ್ ತಂದುಕೊಟ್ಟರು. ಅಪ್ಪ ಮಲಗುವ ಚಾವಡಿಯಲ್ಲಿ, ಟಿವಿಯ ಪಕ್ಕದಲ್ಲಿ ಅದು ಹಾಲಿನ ಹಾಗೆ ಬೆಳ್ಳಗೆ ಕೂತಿತ್ತು. ಕೆಲವು ವರ್ಷಗಳ ನಂತರ ತಂಗಿಗೆ ಜ್ವರ ಬಂತು. ಜ್ವರ ಇಳಿದಾಗ ಅವಳ ಎಡಕಿವಿ ಕೇಳುತ್ತಿರಲಿಲ್ಲ. ಕೆಲವರಿಗೆ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದರು. ಅಷ್ಟರಿಂದ ಅಮ್ಮನಿಗೆ ಸಮಾಧಾನವಾಗುವುದುಂಟೆ? ಒಂದು ದಿನ ಕಸ ಹೊಡೆಯುತ್ತಿದ್ದವಳು ಗೇಮಿನ ಮುಂದೆ ಗಕ್ಕನೆ ನಿಂತಳು. ಹಾಲಿನಂತಿದ್ದದ್ದು ಅರಸಿನ ಮೆತ್ತಿದ ಹಾಗಾಗಿತ್ತು.

"ಇದು ಎಂತ? ಹೊಗೆ ಅಲ್ವಾ ಇದು? ಕದ್ದು ಸೇದಿದ್ದೀರಿ ನೀವು!"

ಒರೆಸಿದಳು, ಸೋಪು ಹಾಕಿ ಉಜ್ಜಿದಳು. ಹಳದಿ ಹೋಗಲಿಲ್ಲ. ಹೋಗದಿದ್ದದ್ದೇ ಅವಳಿಗೆ ಸಾಕ್ಷಿಯಾಯಿತು. ವಾಸನೆ ಹಿಡಿದು ನಿಜ ತಿಳಿಯೋಣವೆಂದರೆ ಇಡೀ ಮನೆ, ಅವಳದೇ ಕೈ, ಹೊಗೆಸೊಪ್ಪು ನಾರುತ್ತಿತ್ತು. "ನಾನು ಸೇದಲಿಲ್ಲ" ಎಂದು ಅಪ್ಪ ಒಂದೇ ಒಂದು ಸಲ ಹೇಳಿದರು. ಆಮೇಲೆ ಸುಮ್ಮನಾದರು. ಅಲ್ಲಿಂದ ಮುಂದೆ ತಂಬಿಲದ ದಿನ ಅವರು ದೈವದ ಎದುರು ನಿಂತದ್ದಿಲ್ಲ. ಎಲ್ಲರೂ ಒಳಗಿದ್ದರೆ ಅವರು ಅಂಗಳದ ಮೂಲೆಯಲ್ಲಿ ಚಪ್ಪಲಿಗಳ ಹತ್ತಿರ ನಿಲ್ಲುತ್ತಿದ್ದರು.

ತಂಗಿಗಾಗಿ ಆ ಡಬ್ಬವನ್ನು ತಾರಸಿಗೆ ಒಯ್ದು ಬಿಚ್ಚಿದೆ. ಬಿಚ್ಚಿದವನು ಹಾಗೇ ಕೂತುಬಿಟ್ಟೆ. ಮೇಲಿನ ಮುಚ್ಚಳ ಕಡು ಹಳದಿ. ಅದರ ನಡುವೆಯೇ ಇರುವ, ಕ್ಯಾಸೆಟ್ ತೂರಿಸುವ ಜಾಗದ ಪುಟ್ಟ ಬಾಗಿಲು ಮಾತ್ರ ಮಾವ ತಂದ ದಿನದಷ್ಟು ಬೆಳ್ಳಗೆ! ಒಂದೇ ಕೋಣೆಯಲ್ಲಿ, ಒಂದಕ್ಕೊಂದು ತಾಗಿಕೊಂಡು ಇದ್ದ ಎರಡು ತುಂಡುಗಳು. ಹೊಗೆ ಹೀಗೆ ಆರಿಸಿಕೊಂಡು ಕೂರುತ್ತದೆಯೇ? ಬಟ್ಟೆಗೆ ಸ್ಪಿರಿಟ್ ಹಾಕಿ, ಅಮ್ಮನ ಸೋಪು ತಾಗದ ಒಳಮೈಯನ್ನೂ ಉಜ್ಜಿದೆ. ಬೀಡಿ ಸೇದುವವರ ಮನೆಯ ಡಬ್ಬವಾದರೆ ಮೊದಲ ಸಲ ಉಜ್ಜಿದಾಗಲೇ ಬಟ್ಟೆ ಕಂದಾಗುತ್ತದೆ. ಇದರಲ್ಲಿ ಬಟ್ಟೆಗೆ ಬಂದದ್ದು ಬರೀ ಅಟ್ಟದ ಧೂಳು.

ಬೆಂಕಿ ಹಿಡಿಯಬಾರದೆಂದು ಪ್ಲಾಸ್ಟಿಕ್ಕಿಗೆ ಬೆರೆಸಿದ ರಾಸಾಯನಿಕವೇ ವರ್ಷಗಳು ಕಳೆದ ಹಾಗೆ ಹಳದಿಯಾಗುತ್ತದೆ, ತುಂಡು ತುಂಡಿಗೂ ಮಿಶ್ರಣ ಬೇರೆ. ಈ ಮಾತನ್ನು ನಾನೇ ಎಷ್ಟು ಜನರಿಗೆ ಹೇಳಿದ್ದೆ! ನಮ್ಮ ಮನೆಯ ಡಬ್ಬದ ಬಗ್ಗೆ ಮಾತ್ರ ಅದು ತಲೆಗೆ ಹೊಳೆದಿರಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಇಲ್ಲಿ ನಿಜವಾದ ಹಳದಿಯೇ ಒಬ್ಬ ಮನುಷ್ಯನನ್ನು ಚಪ್ಪಲಿಗಳ ಬಳಿ ನಿಲ್ಲಿಸಿತ್ತು. ದುಃಖಕ್ಕಿಂತ ಮೊದಲು ನನಗೆ ಬಂದದ್ದು ಕೋಪ.

ಎರಡೂ ತುಂಡುಗಳನ್ನೂ ಆ ಬಟ್ಟೆಯನ್ನೂ ಹಿಡಿದು ದಡದಡ ಕೆಳಗಿಳಿದೆ. ಅಮ್ಮ ಚಾವಡಿಯಲ್ಲಿ ಬಸಳೆ ಹೆಚ್ಚುತ್ತಿದ್ದಳು. ಅಪ್ಪ ಪೇಪರ್ ಓದುತ್ತಿದ್ದರು. ನಾನು ಕೋರ್ಟಿನ ವಕೀಲನ ಹಾಗೆ ಶುರು ಮಾಡಿದೆ. ಬಾಗಿಲು ತೋರಿಸಿದೆ, ಮುಚ್ಚಳ ತೋರಿಸಿದೆ, ಬಟ್ಟೆ ತೋರಿಸಿದೆ. "ಅಪ್ಪ ಬೀಡಿ ಮುಟ್ಟಲೇ ಇಲ್ಲ ಅಮ್ಮ. ಆಣೆ ತಪ್ಪಲೇ ಇಲ್ಲ!"

ಅಪ್ಪನ ಮುಖ ಅರಳುತ್ತದೆ ಅಂದುಕೊಂಡಿದ್ದೆ. ಅವರು ಗದರಿದರು. "ನಿನ್ನತ್ರ ಯಾರು ಕೇಳಿದ್ದು ಮಾರಾಯ? ಅದನ್ನೆಲ್ಲ ತೆಗೊಂಡು ಮೇಲೆ ಹೋಗು."

ಅದುವರೆಗೆ ಅಪ್ಪ ನನ್ನನ್ನು ಗದರಿದ್ದು ನನಗೆ ನೆನಪೇ ಇಲ್ಲ. ಅಮ್ಮನ ಕೈ ಬಸಳೆಯ ಮೇಲೆಯೇ ನಿಂತಿತ್ತು. ಅವಳು ಅಪ್ಪನ ಕಡೆ ತಿರುಗಿ ಕೇಳಿದಳು.

"ಹಾಗಾದ್ರೆ ಮಗುವಿನ ಕಿವಿ ಹೋದದ್ದು ಎಂತಕ್ಕೆ? ಆ ದಿನ ನಾನು ಬೀಡಿ ಕೊಟ್ಟು ಬಂದ ಮೇಲೆ ಅಲ್ವಾ ಅವಳನ್ನು ಆಸ್ಪತ್ರೆಗೆ ಕರ್ಕೊಂಡು ಹೋದದ್ದು?"

ಆ ದಿನ ನನಗೆ ಚೆನ್ನಾಗಿ ನೆನಪಿದೆ. ತಂಗಿ ಚಾಪೆಯ ಮೇಲೆ ಕೆಂಡದಂತೆ ಸುಡುತ್ತಿದ್ದಳು. ಹಣೆಗೆ ಒದ್ದೆಬಟ್ಟೆ ಇಡುತ್ತಿರು ಎಂದು ನನ್ನನ್ನು ಕೂರಿಸಿ, ಅಮ್ಮ ಉಳಿದ ಬೀಡಿ ಕಟ್ಟಿ ಮುಗಿಸಿ, ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು, ಊಟದ ಹೊತ್ತಿಗೆ ಬಂದಿದ್ದಳು. ಅಷ್ಟರಲ್ಲಿ ಬಸ್ಸು ಬಿಟ್ಟು ಮನೆಗೆ ಬಂದಿದ್ದ ಅಪ್ಪ ಅವಳಿಗಾಗಿ ಕಾಯುತ್ತ ರಸ್ತೆಯಲ್ಲಿ ರಿಕ್ಷಾ ನಿಲ್ಲಿಸಿಕೊಂಡಿದ್ದರು. ಇಷ್ಟು ವರ್ಷ ಅಪ್ಪ ಯಾಕೆ ಸುಮ್ಮನಿದ್ದರು ಎಂಬುದು ನನಗೆ ಆಗ ಗೊತ್ತಾಯಿತು. ತಪ್ಪು ಅವರ ಮೇಲಿರುವವರೆಗೆ ಅಮ್ಮ ಆ ಬೆಳಗನ್ನು ನೆನೆಯಬೇಕಾಗಿರಲಿಲ್ಲ. ಆ ತಪ್ಪನ್ನು ನಾನು ಅವರಿಂದ ಕಿತ್ತುಕೊಂಡು ಬಂದು ಅವಳ ಮುಂದೆ ಹಿಡಿದಿದ್ದೆ.

"ಅಲ್ಲ," ಅಂದರು ಅಪ್ಪ. "ಮೊದಲು ಆಸ್ಪತ್ರೆಗೆ ಹೋದದ್ದು. ಬೀಡಿ ಕೊಟ್ಟದ್ದು ಮರುದಿನ."

"ನನ್ನನ್ನು ಸಮಾಧಾನ ಮಾಡ್ಲಿಕ್ಕೆ ಹೇಳ್ಬೇಡಿ."

"ಇಲ್ಲ, ನಿಜ."

"ಆಣೆ ಹಾಕಿ."

ಅಪ್ಪ ಪೇಪರನ್ನು ಮಡಚಿಟ್ಟು ಎದ್ದರು. ಸುಳ್ಳು ಆಣೆ ಹಾಕುವುದು ಅವರಿಂದ ಆಗದು ಎಂದೇ ನಾನು ನಂಬಿದ್ದೆ. ಅಪ್ಪ ಚಪ್ಪಲಿ ಹಾಕದೆ ಅಂಗಳಕ್ಕಿಳಿದು, ಪಡೀಲಿನ ಕಡೆ ಮುಖ ಮಾಡಿ ದೈವದ ಹೆಸರು ಹೇಳಿ ಕೈ ಮುಗಿದರು. ಈ ಸಲ ಮಕ್ಕಳ ಮಾತೆತ್ತಲಿಲ್ಲ.

"ಸುಳ್ಳಾದ್ರೆ ನನ್ನೊಬ್ಬನ ಮೇಲೆಯೇ ಬರಲಿ" ಅಂದರು.