ಅವ್ವನ ಹಲ್ಲಿಗೆ ತುಂಬಿಸಿದ ಬಿಳಿ ಸಿಮೆಂಟು

ಕೊಪ್ಪಳ ಜಿಲ್ಲೆಯಾದ ಮರುವರ್ಷ ನನಗೆ ಅಲ್ಲಿನ ಹೊಸ ಕಚೇರಿಯೊಂದರಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಅದರ ಬೆನ್ನಿಗೇ ಗಂಗಾವತಿಯ ಅಕ್ಕಿ ವ್ಯಾಪಾರಿಯೊಬ್ಬರ ಮನೆಯಿಂದ ಸಂಬಂಧ ಬಂತು. ಅವರು ನಮ್ಮೂರು ಇರಕಲ್ಲಗಡಕ್ಕೆ ಮನೆ ನೋಡಲು ಬಂದ ದಿನ ಅವ್ವ ಖುಷಿಯಿಂದ ಬಾಯ್ತುಂಬ ನಕ್ಕಳು. ನಾನು ತಲೆ ತಗ್ಗಿಸಿದೆ.

ನಕ್ಕರೆ ಕಾಣುವ ಅವಳ ಎಡಬದಿಯ ನಾಲ್ಕು ಹಲ್ಲು ಒಸಡಿನ ಬುಡದಲ್ಲಿ ಕುಡುಗೋಲಿನಿಂದ ಕಚ್ಚು ಹಾಕಿದಂತೆ ಸವೆದಿದ್ದವು. ಸಣ್ಣಾಕಿ ಇದ್ದಾಗಿನಿಂದ ಇದ್ದಿಲು, ಇಟ್ಟಂಗಿ ಪುಡಿ ಹಾಕಿ ತಿಕ್ಕಿ ತಿಕ್ಕಿ ಹಾಗಾಗಿತ್ತು. ಕಚ್ಚಿನೊಳಗೆಲ್ಲ ಕಪ್ಪು ಕೂತಿತ್ತು.

"ನಿಶ್ಚಯ ಆಗೂದ್ರೊಳಗ ಹಲ್ಲು ಸರಿ ಮಾಡ್ಸೂಣು," ಅಂದೆ.

"ನೋವಾದಾಗ ಕೀಳಿಸಿದ್ರಾತು. ನನ್ನ ಹಲ್ಲು ಯಾರು ನೋಡ್ತಾರೋ ಯಪ್ಪಾ?"

"ಎಲ್ಲಾರೂ ನೋಡ್ತಾರ."

ಅವ್ವ ನನ್ನ ಮುಖವನ್ನೇ ನೋಡಿದಳು. ಮರುದಿನ ನನ್ನ ಜೊತೆ ಗಂಗಾವತಿ ಬಸ್ ಹತ್ತಿದಳು.

ಅಲ್ಲಿನ ಹಲ್ಲಿನ ಡಾಕ್ಟರು ಹಲ್ಲಿನದೇ ಬಣ್ಣದ ಸಿಮೆಂಟು ತುಂಬಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದರು. ಆಮೇಲೆ ನನ್ನನ್ನು ಕರೆದು ಹೇಳಿದರು: "ಒಸಡಿನ ಹತ್ರ ಇದು ಹಲ್ಲಿಗೆ ಗಟ್ಟಿ ಹತ್ತೂದು ಕಷ್ಟರಿ. ಅಲ್ಲಿ ಯಾವಾಗ್ಲೂ ಎಂಜಲಿನ ಪಸಿ ಇರ್ತೈತಿ. ಅಗಿಯುವಾಗ ಹಲ್ಲಿನ ಭಾರ ಎಲ್ಲಾ ಅಲ್ಲೇ ಬೀಳ್ತೈತಿ. ಆರು ತಿಂಗಳಿಗೊಮ್ಮಿ ಕರ್ಕೊಂಡು ಬಂದು ತೋರಸ್ರಿ. ಇಟ್ಟಂಗಿ ಪುಡಿ ಬಿಡಸ್ರಿ, ಮೆತ್ತನ್ನ ಬ್ರಶ್ ಕೊಡಸ್ರಿ."

ಹೂಂ ಅಂದೆ. ನಿಶ್ಚಯದ ದಿನ ಫೋಟೊ ತೆಗೆಯುವವನು ನಗಲು ಹೇಳಿದಾಗ ಅವ್ವ ತುಟಿ ಬಿಚ್ಚಲೇ ಇಲ್ಲ. ಅಷ್ಟರೊಳಗೆ ಅವಳಿಗೆ ತನ್ನ ಬಾಯಿಯ ಬಗ್ಗೆ ನಾಚಿಕೆ ಕಲಿಸಿದ್ದೆ.

ಮದುವೆಯಾಯಿತು. ನಾನು, ಹೆಂಡತಿ, ಅವ್ವ ಕೊಪ್ಪಳದಲ್ಲಿ ಮನೆ ಹಿಡಿದೆವು. ಡಾಕ್ಟರ ಹತ್ತಿರ ಒಮ್ಮೆಯೂ ಹೋಗಲಿಲ್ಲ. ಬ್ರಶ್ ಸಹ ಕೊಡಿಸಲಿಲ್ಲ. ನೋಡುವವರು ನೋಡಿ ಆಗಿತ್ತಲ್ಲ.

ಮೂರನೆಯ ವರ್ಷ ಒಂದು ಬೆಳಿಗ್ಗೆ ಹೆಂಡತಿ ಹೇಳಿದಳು: "ಅತ್ತಿಯವರು ಒಂದ ಕಡೆ ಅಗೀತಾರ. ರೊಟ್ಟಿ ಬ್ಯಾಳಿಯೊಳಗ ನೆನಿಸಿ ನುಂಗ್ತಾರ. ಒಮ್ಮಿ ತೋರಸ್ರಿ."

ಕಚೇರಿಗೆ ಹೊರಟಿದ್ದೆ. ಚಪ್ಪಲಿ ಮೆಟ್ಟಿಕೊಂಡೇ ಅವ್ವನ ಬಾಯಿ ತೆಗೆಸಿ ನೋಡಿದೆ. ನಾಲ್ಕೂ ಹಲ್ಲು ಬೆಳ್ಳಗಿದ್ದವು. "ಛಲೋ ಅದಾವ ಬಿಡು, ಏನೂ ಆಗಿಲ್ಲ," ಅಂದು ಹೋಗಿಬಿಟ್ಟೆ.

ಮುಂದಿನ ಬೇಸಿಗೆಯಲ್ಲಿ ಅವ್ವನ ಕೆನ್ನೆ ಊದಿತು, ಕಣ್ಣಿನ ತನಕ. ಮೈ ಕೆಂಡದಂತೆ ಸುಡುತ್ತಿತ್ತು. ಕೊಪ್ಪಳದ ಡಾಕ್ಟರು ಸಣ್ಣ ಕನ್ನಡಿ ಹಿಡಿದು, ಸೂಜಿಯಂಥದ್ದೊಂದರಿಂದ ಒಸಡಿನಂಚು ಕೆದಕಿದರು. ಒಂದು ಸಿಮೆಂಟು ಹಾಗೇ ಕಳಚಿ ಬಂತು. ಕೆಳಗೆ ಹಲ್ಲು ಕರ್ರಗೆ ಕೊಳೆತಿತ್ತು.

"ಅಂಚು ಬಿಟ್ಟು ಭಾಳ ದಿನ ಆಗೈತ್ರಿ," ಅಂದರು. "ಹಲ್ಲಿನ ಬಣ್ಣದ್ದು ನೋಡ್ರಿ, ಮ್ಯಾಲೆ ನೋಡಿದ್ರ ಗೊತ್ತಾಗಂಗಿಲ್ಲ. ವರ್ಷದ ಹಿಂದ ಬಂದಿದ್ರ ತಗದು ಮತ್ತ ತುಂಬಬಹುದಿತ್ತು."

ಉಳಿದ ಮೂರೂ ಒಳಗೆ ಹಾಗೇ ಆಗಿದ್ದವು. ನಾಲ್ಕನ್ನೂ ಕಿತ್ತರು. ಒಂದು ಮುರಿದು ಬೇರು ಒಳಗೇ ಉಳಿಯಿತು. ಅದನ್ನು ತೆಗೆಯುವಾಗ ಅವ್ವ ನನ್ನ ಕೈ ಹಿಡಿಯಲಿಲ್ಲ, ಕುರ್ಚಿಯ ಹಿಡಿಕೆ ಹಿಡಿದಳು.

ಮನೆಗೆ ಬಂದು ಎರಡು ದಿನದ ಮೇಲೆ ಕೇಳಿದೆ: "ಇಷ್ಟು ನೋವು ಇತ್ತಂದ್ರ ಮೊದಲ ಯಾಕ ಹೇಳಲಿಲ್ಲಬೇ?"

"ಬಾಯಿ ತಗದು ತೋರಿಸಿದ್ನಲ್ಲೋ. ನೀನ ನೋಡಿ ಛಲೋ ಅದಾವ ಅಂದಿ. ಓದಿದಾವ ನೀನು. ನೋಯೂದ ಸುಳ್ಳಿರಬೇಕು ಅನ್ಕೊಂಡೆ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವಳು ಗಂಜಿ ಆರಿಸಿಕೊಳ್ಳುತ್ತ ಹೇಳಿದಳು. ಏನಾದರೂ ಅನ್ನಬೇಕೆಂದು, ಹೊಸ ಹಲ್ಲು ಕಟ್ಟಿಸುತ್ತೇನೆ ಅಂದೆ.

"ನಿನಗ ಬೇಕಾಗಿದ್ರ ಕಟ್ಸು," ಅಂದಳು. "ನನಗ ಬ್ಯಾಡ."

ಕಟ್ಟಿಸಲಿಲ್ಲ.